ಬೋಣಿಗೆ ಮುಂಚೆ ಆಡಬಾರದ ಮಾತು

ನನಗೆ ಸಂಬಳ ಸಿಗುವುದು ಅನುಮಾನ ಪಡುವುದಕ್ಕೆ. ಹೈದರಾಬಾದಿನ ಕೊಂಡಾಪುರದ ಒಂದು ಗಾಜಿನ ಕಟ್ಟಡದಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತೇನೆ. ನಾನೆಂದೂ ನೋಡದ, ನೋಡುವ ಸಾಧ್ಯತೆಯೂ ಇಲ್ಲದ ಊರುಗಳ ಇಂಗ್ಲಿಷ್ ಜನ ತಮ್ಮ ವಿಮೆ ಕಂಪನಿಗೆ ಫೋನ್ ಮಾಡಿ ಆಡಿದ ಮಾತುಗಳನ್ನು ಕೇಳುತ್ತೇನೆ. ಒಂದೊಂದು ಮಾತು ಮುಗಿದಾಗಲೂ ಪರದೆಯ ಮೇಲೆ ಗುಂಡಿಗಳು ಮೂಡುತ್ತವೆ. ಖಾತ್ರಿ, ಅರೆ ಅನುಮಾನ, ಪೂರಾ ಅನುಮಾನ, ನಿರಾಕರಣೆ. ಗಿರಾಕಿಯ ಮನಸ್ಸಿನಲ್ಲಿದ್ದದ್ದು ಯಾವುದೋ ಅದನ್ನು ಒತ್ತಬೇಕು. ಇಷ್ಟೇ ಕೆಲಸ. ಊರಿನಲ್ಲಿ ಅಪ್ಪ ಇದಕ್ಕೆ ‘ಕಂಪ್ಯೂಟರ್ ಇಂಜಿನಿಯರ್’ ಎಂದು ಹೆಸರಿಟ್ಟಿದ್ದಾನೆ. ಹೆಣ್ಣು ಕೊಡುವವರು ಬಂದು ವಿಚಾರಿಸುವವರೆಗೆ ಅದನ್ನು ತಿದ್ದುವ ಅವಸರ ನನಗೂ ಇಲ್ಲ.

ಇಂಗ್ಲಿಷ್ ಜನ ‘ನೋ’ ಎನ್ನುವುದನ್ನು ಮುಖಕ್ಕೆ ಎಸೆಯುವವರಲ್ಲ. ಅದನ್ನು ಒಂದು ಸಣ್ಣ ಕ್ರಿಯಾಪದದ ಮಡಿಲಲ್ಲಿಟ್ಟು, ಮೇಲೊಂದು ಟವೆಲ್ ಹೊದಿಸಿ ಕೊಡುತ್ತಾರೆ. ‘ಮೇ ನಾಟ್’ ಎಂದರೆ ಆಗದೆ ಇರಬಹುದು. ‘ಮೈಟ್ ನಾಟ್’ ಎಂದರೂ ಅದೇ, ಆದರೆ ದನಿ ಇನ್ನಷ್ಟು ತಗ್ಗಿಸಿ. ‘ಕಾಂಟ್ ಬಿ’ ಎಂದರೆ ಹಾಗಿರಲು ಸಾಧ್ಯವೇ ಇಲ್ಲ ಎಂಬ ಹಟ. ಟ್ರೇನಿಂಗಿನಲ್ಲಿ ನಮಗೆ ಮೊದಲೆರಡನ್ನು ಅರೆ ಅನುಮಾನಕ್ಕೂ ಮೂರನೆಯದನ್ನು ಖಾತ್ರಿಗೂ ಹಾಕಲು ಹೇಳಿಕೊಟ್ಟರು. ಆದರೆ ನಮ್ಮ ಟೀಮ್ ಲೀಡ್ ವನಜಾ ಮೇಡಂ ಊಟದ ಹೊತ್ತಿಗೆ ಬೇರೆ ಪಾಠ ಹೇಳಿದರು. “ಪುಸ್ತಕ ಬಿಡಿ. ‘ಮುಂದಿನ ವರ್ಷ ಐ ಮೈಟ್ ನಾಟ್ ರಿನ್ಯೂ’ ಅಂತ ಯಾವನಾದರೂ ಅಂದರೆ ಅವನು ಆಗಲೇ ಬೇರೆ ಕಂಪನಿ ಸೇರಿಕೊಂಡಿದಾನೆ ಅಂತ ತಿಳೀರಿ.”

‘ಕಾಂಟ್’ ಕತೆಯೂ ಅಷ್ಟೇ. ಒಮ್ಮೆ ಒಬ್ಬ ಹೆಂಗಸು ಫೋನಿನಲ್ಲಿ, “ನನ್ನ ಗಂಡ ಹಾಗೆ ಮಾಡಿರಲು ಸಾಧ್ಯವೇ ಇಲ್ಲ, ಸಾಧ್ಯವೇ ಇಲ್ಲ” ಎನ್ನುತ್ತಲೇ ಇದ್ದಳು. ಪುಸ್ತಕದ ಪ್ರಕಾರ ಅದು ಖಾತ್ರಿ. ನಾನು ಖಾತ್ರಿಯನ್ನೇ ಒತ್ತಿದೆ. ಅವಳ ದನಿಯಲ್ಲಿ ಮಾತ್ರ ಕಾಳಷ್ಟೂ ಖಾತ್ರಿ ಇರಲಿಲ್ಲ.

ಇಷ್ಟೆಲ್ಲ ಹೇಳಿಕೊಂಡದ್ದು ನನ್ನ ವಿದ್ಯೆ ಮೆರೆಸಲಿಕ್ಕಲ್ಲ. ನನ್ನ ಮನೆ ಮಾಲಕ ಸಿದ್ದರಾಮಪ್ಪನವರ ಬಗ್ಗೆ ಬರೆಯಬೇಕಾಗಿದೆ, ಮತ್ತು ಈ ವಿದ್ಯೆ ಇಲ್ಲದಿದ್ದರೆ ಅವರ ಕತೆಯಲ್ಲಿ ನನಗೆ ಜಾಗವೇ ಇರುತ್ತಿರಲಿಲ್ಲ.

ಲಿಂಗಂಪಲ್ಲಿಯಲ್ಲಿ ರೈಲು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಅವರ ಮನೆ. ಮಾಳಿಗೆಯ ಮೇಲಿನ ಒಂಟಿ ಕೋಣೆಯಲ್ಲಿ ನಾನು. ಅವರೂ ನಮ್ಮ ಲಿಂಗಸುಗೂರು ಕಡೆಯವರು ಎಂಬ ಒಂದೇ ಕಾರಣಕ್ಕೆ ನನಗೆ ಕೋಣೆ ಸಿಕ್ಕಿತು. ಅದೇ ಕಾರಣಕ್ಕೆ ಅವರ ಹೆಂಡತಿ ಶಿವದೇವಿ ಕಾಕು ಕಟಿ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಮಾಳಿಗೆಗೆ ಕಳಿಸುತ್ತಾರೆ. ಅದೇ ಕಾರಣಕ್ಕೆ ನನ್ನ ಬಟ್ಟೆ, ಕೂದಲು, ಮದುವೆ ಮೂರರ ಬಗ್ಗೆಯೂ ಮಾತಾಡುವ ಹಕ್ಕನ್ನು ಇಟ್ಟುಕೊಂಡಿದ್ದಾರೆ.

ಸಿದ್ದರಾಮಪ್ಪ ಕಾಕಾ ಮೀಸೆ ಮೂಡುವ ವಯಸ್ಸಿನಲ್ಲಿ ಬೂದೆಪ್ಪ ಸಾಹುಕಾರರ ಜೊತೆ ಹೈದರಾಬಾದಿಗೆ ಬಂದವರು. ಹಿಮಾಯತ್‌ನಗರದಲ್ಲಿ ಬೂದೆಪ್ಪನವರು ಮ್ಯಾಚಿಂಗ್ ಸೆಂಟರ್ ತೆರೆದರು. ಸೀರೆ ತಂದು ತೋರಿಸಿದರೆ ಅದಕ್ಕೆ ಕೂಡುವ ಜಂಪರಿನ ಬಟ್ಟೆ, ಲೈನಿಂಗ್, ಫಾಲ್ಸ್ ಕೊಡುವ ಅಂಗಡಿ. ಅಂದಿನಿಂದ ಆ ಅಂಗಡಿಯ ಕೌಂಟರಿನ ಎಡ ತುದಿಯ ಸ್ಟೂಲು ಕಾಕಾನದು. ಬೆಳಗ್ಗೆ ವಿಭೂತಿ ಹಚ್ಚಿಕೊಂಡು, ಡಬ್ಬಿ ಹಿಡಿದು, ಲಿಂಗಂಪಲ್ಲಿಯಲ್ಲಿ ಲೋಕಲ್ ರೈಲು ಹತ್ತಿ, ಇಳಿದು, ಮತ್ತೆ ಬಸ್ಸು ಹತ್ತಿ ಆ ಸ್ಟೂಲು ಸೇರುವುದು. ಸಂಜೆ ಅದೇ ದಾರಿಯಲ್ಲಿ ವಾಪಸು ಬರುವುದು. ಅವರ ಜೀವನಚರಿತ್ರೆಯನ್ನು ಇಷ್ಟಕ್ಕೇ ಮುಗಿಸಿದರೂ ತಪ್ಪೇನಿಲ್ಲ. ಆದರೆ ಅವರ ಬಾಯಿಯ ಬಗ್ಗೆ ಹೇಳದಿದ್ದರೆ ಏನೂ ಹೇಳಿದಂತಾಗುವುದಿಲ್ಲ.

ಬೂದೆಪ್ಪನವರ ಅಂಗಡಿಯಲ್ಲಿ ‘ಇಲ್ಲ’ ಎನ್ನಕೂಡದಿತ್ತು. ಕನ್ನಡದಲ್ಲಿ ‘ಇಲ್ಲ’, ತೆಲುಗಿನಲ್ಲಿ ‘ಲೇದು’, ಹಿಂದಿಯಲ್ಲಿ ‘ನಹೀ’, ಮೂರಕ್ಕೂ ಬಾಗಿಲಲ್ಲೇ ತಡೆ. ಗಿರಾಕಿ ಕೇಳಿದ ಬಣ್ಣ ಕಪಾಟಿನಲ್ಲಿಲ್ಲವೆ? “ವಸ್ತದಮ್ಮಾ, ರೇಪು ವಸ್ತದಿ.” ಬರುತ್ತದಮ್ಮಾ, ನಾಳೆ ಬರುತ್ತದೆ. ನಾಳೆಯೂ ಬರದ ಬಣ್ಣವಾದರೆ, “ಇದಕ್ಕಿಂತ ಇದು ನಿಮಗೆ ಒಪ್ಪುತ್ತದೆ” ಎಂದು ಬೇರೆ ಬಟ್ಟೆಯ ಥಾನು ಬಿಚ್ಚಬೇಕು. ಅದರಲ್ಲೂ ಬೋಣಿಯಾಗುವ ತನಕ, ಅಂದರೆ ದಿನದ ಮೊದಲ ವ್ಯಾಪಾರ ಕುದುರುವ ತನಕ, ಆ ಮಾತು ಅಂಗಡಿಯಲ್ಲಿ ಉಸಿರಾದರೂ ಇಡೀ ದಿನ ಕೆಟ್ಟಿತು ಎಂದೇ ಲೆಕ್ಕ. ಮೊದಲ ಗಿರಾಕಿ ಬರಿಗೈಲಿ ಹೋಗುವಂತಿಲ್ಲ. ಒಮ್ಮೆ ಬೆಳಗ್ಗೆ ಬಾಗಿಲು ತೆಗೆಯುತ್ತಲೇ ಬಂದ ಹೆಂಗಸು ಕೇಳಿದ ಬದನೆಕಾಯಿ ಬಣ್ಣ ಇವರಲ್ಲಿರಲಿಲ್ಲವಂತೆ. ಕಾಕಾ ಆಕೆಗೆ ಚಹಾ ತರಿಸಿಕೊಟ್ಟು, ಹಿಂದಿನ ಬಾಗಿಲಿಂದ ಓಡಿ, ಎದುರಿನ ಅಂಗಡಿಯಲ್ಲಿ ತಾವೇ ಗಿರಾಕಿಯಾಗಿ ಆ ಬಟ್ಟೆ ಕೊಂಡು ತಂದು ಕತ್ತರಿಸಿ ಕೊಟ್ಟಿದ್ದರು.

“ಎದುರಿನ ಅಂಗಡ್ಯಾವಗೂ ಅದ ಬೋಣಿ ಆತು ನೋಡಪಾ,” ಎಂದು ನಗುತ್ತಿದ್ದರು.

ಅಂಗಡಿಯ ಬಾಯಿ ಮನೆಗೂ ಬಂದಿತ್ತು. ಶಿವದೇವಿ ಕಾಕು, “ಏನ್ರಿ, ನಳ ಸೋರಾಕತ್ತೈತಿ, ಇವತ್ತರ ರಿಪೇರಿ ಮಾಡಿಸ್ತೀರೋ ಇಲ್ಲೋ?” ಎಂದರೆ ಇವರು, “ಮಾಡಸೂಣಂತ” ಎನ್ನುವರು.

“ಈ ಮನಷ್ಯಾ ಇಲ್ಲ ಅಂದಿದ್ದರ ನಾನ ಯಾವಾಗೋ ಪ್ಲಂಬರ್‌ನ ಕರಿಸಿರತಿದ್ದೆ,” ಎಂದು ಕಾಕು ನನ್ನ ಕಡೆ ತಿರುಗಿ ಹೇಳುವರು. “ಬರ್ತೈತಿ, ಆಗ್ತೈತಿ ಅನಕೋತ ನನ್ನ ಅರ್ಧಾ ಆಯುಷ್ಯ ಕಳದಾರ ನೋಡು.”

ಕಳೆದ ವರ್ಷ ಬೂದೆಪ್ಪನವರು ತೀರಿಕೊಂಡರು. ಅಂಗಡಿ ಮಗ ವಿಜಯಕುಮಾರನ ಕೈಗೆ ಬಂತು. ಅವನು ಕಾಕಾನ ಕಣ್ಣೆದುರಿಗೇ ಕೌಂಟರಿನ ಮೇಲೆ ಅಂಬೆಗಾಲಿಟ್ಟವನು. ಆಮೇಲೆ ಹೊರದೇಶದಲ್ಲಿ ಓದಿ ಬಂದವನು. ಕೆಟ್ಟವನಲ್ಲ. ಕಾಕಾನ ಕಾಲು ಮುಟ್ಟಿಯೇ ಮಾತಾಡಿಸುತ್ತಾನೆ. ಕನ್ನಡದಲ್ಲಿ ಅವನಿಗೆ ಗೊತ್ತಿರುವುದೆಲ್ಲ ಮನೆಯ ಮಾತು: ಊಟ ಆತೇನ್ರಿ, ಆರಾಮ ಅದೀರೇನು. ಕಷ್ಟದ ಮಾತುಗಳನ್ನು ಅವನು ಬೇರೆ ಭಾಷೆಯಲ್ಲಿ ಕಲಿತಿದ್ದ.

ಅಂಗಡಿಯನ್ನು ಹಿಮಾಯತ್‌ನಗರದಿಂದ ಕೊಂಡಾಪುರಕ್ಕೆ ಒಯ್ಯುವುದಾಗಿ ಅವನು ಹೇಳಿದಾಗ ಕಾಕಾ ಪೇಡೆ ಹಂಚಿದರು. ನನಗೂ ಎರಡು ಸಿಕ್ಕವು. “ಇನ್ನ ಟ್ರೇನ್ ಹತ್ತೂದೂ ತಪ್ಪಿತು, ಮತ್ತ ಬಸ್ ಹಿಡಿಯೂದೂ ತಪ್ಪಿತು, ತಮ್ಮಾ! ಮನೀ ಮಗ್ಗಲಾಗ ತಂದು ಇಡಾಕತ್ತಾನ ಅಂಗಡೀನ. ನನ್ನ ಮೊಣಕಾಲು ನೋಡೇ ಮಾಡಿರಬೇಕು ಹುಡುಗ. ಬೂದೆಪ್ಪನ ಕರುಳು.” ಇನ್ನು ಮೇಲೆ ಮಧ್ಯಾಹ್ನ ಇಬ್ಬರೂ ಕೂಡಿಯೇ ಡಬ್ಬಿ ಬಿಚ್ಚುವುದೆಂದು ನನ್ನೊಡನೆ ಒಪ್ಪಂದವೂ ಆಯಿತು. ನನ್ನ ಆಫೀಸಿನಿಂದ ಹೊಸ ಅಂಗಡಿ ಕೂಗಳತೆಯಲ್ಲಿತ್ತು.

ಹಳೆ ಅಂಗಡಿಯ ಬಾಗಿಲು ಹಾಕಿದ ಮೇಲಿನ ಭಾನುವಾರ ನಾನು ಮಾಳಿಗೆಯಲ್ಲಿ ಬಟ್ಟೆ ಹಿಂಡುತ್ತಿದ್ದೆ. ಕಾಕಾ ಫೋನ್ ಹಿಡಿದು ಮೆಟ್ಟಿಲು ಹತ್ತಿ ಬಂದರು. ಹಿಂದೆಯೇ ಕಾಕು, ಕೈಗೆ ಹತ್ತಿದ ಹಿಟ್ಟಿನ ಸಮೇತ.

“ಶರಣಕುಮಾರಾ, ವಿಜ್ಜೂ ಏನೋ ಬರದಾನ. ಇಂಗ್ಲಿಷ್‌ನ್ಯಾಗ ಐತಿ. ಏನಂತಾನ ನೋಡಪಾ.”

ಓದಿದೆ. ಕಾಕಾನ ಆರೋಗ್ಯ ವಿಚಾರಿಸಿದ್ದ. ಅಪ್ಪನ ಕಾಲದಿಂದ ಮಾಡಿದ ಸೇವೆಗೆ ಕೃತಜ್ಞತೆ ಹೇಳಿದ್ದ. ಆಮೇಲೆ, ‘ಹೊಸ ಅಂಗಡಿಯಲ್ಲಿ ವಿ ಮೈಟ್ ನಾಟ್ ಬಿ ಏಬಲ್ ಟು ಹ್ಯಾವ್ ಯು ವಿತ್ ಅಸ್.’ ನಿಮ್ಮನ್ನು ಜೊತೆಗಿಟ್ಟುಕೊಳ್ಳಲು ನಮ್ಮಿಂದ ಆಗದೆ ಇರಬಹುದು. ಕೊನೆಗೆ ಕೈ ಮುಗಿದ ಚಿತ್ರ.

ದಿನಾ ಇಂಥವನ್ನು ಕೇಳಿ ಹೊಟ್ಟೆ ಹೊರೆಯುವವನು ನಾನು. ಆದರೂ ಹಿಂಡಿದ ಅಂಗಿಯನ್ನೇ ಮತ್ತೊಮ್ಮೆ ಹಿಂಡಿದೆ.

“ಹೊಸ ಅಂಗಡ್ಯಾಗ ನಿಮ್ಮನ್ನ ಇಟ್ಟಗೊಳ್ಳಾಕ ಆಗದೆ ಇರಬಹುದು ಅಂತ ಬರದಾರ್ರಿ ಕಾಕಾ.”

“ಇರಬಹುದು ಅಂದಾನ?”

“ಹೂಂರಿ.”

“ಅಂದಮ್ಯಾಲೆ ಆಗಲೂಬಹುದು.”

“ಕಾಕಾ, ಇಂಗ್ಲಿಷ್‌ನ್ಯಾಗ ಹಿಂಗಂದ್ರ ಅದು ಮುಗದ ಮಾತ್ರಿ. ಮನಸ್ಸು ನೋಯಬಾರದು ಅಂತ ಹಂಗ ಬರೀತಾರ. ನಾ ದಿನಾ ಕೇಳ್ತೀನಿ.”

“ಇಲ್ಲ ಅಂತ ಬರದಾನೇನು? ಅಕ್ಷರ ತೋರಸು ನನಗ.”

“ಹಂಗ ಬರದಿಲ್ರಿ.”

“ಬರಿಯಾಂಗಿಲ್ಲ ಅಂವ,” ಎಂದರು ಕಾಕಾ. “ಬೂದೆಪ್ಪನ ಮಗ ಸಿದ್ರಾಮಪ್ಪಗ ಇಲ್ಲ ಅನ್ನಾಕ ಸಾಧ್ಯಾನ ಇಲ್ಲ. ಸಾಧ್ಯಾನ ಇಲ್ಲ ತಮ್ಮಾ ಅದು.”

ಈ ದನಿಯನ್ನು ನಾನು ಎಲ್ಲೋ ಕೇಳಿದ್ದೆ. ಎಲ್ಲಿ ಎಂದು ನೆನಪಾದಾಗ ಅಂಗಿಯ ನೀರು ನನ್ನ ಕಾಲ ಮೇಲೆ ಸುರಿಯುತ್ತಿತ್ತು.

ಶಿವದೇವಿ ಕಾಕು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. “ಹುಡುಗ ಓದಿದಾಂವ ಹೇಳಾಕತ್ತಾನ, ಕೇಳಬಾರದೇನ್ರಿ? ಬಿಡ್ರಿ. ಮಗಳ ಮನಿಗೆ ಜಹೀರಾಬಾದಿಗೆ ಹೋಗಿ ಎಂಟ ದಿನ ಇದ್ದು ಬರೂಣು.”

“ಹೋಗೂಣಂತ,” ಎಂದರು ಕಾಕಾ.

“ನೋಡಿದ್ಯಾ?” ಎಂದರು ಕಾಕು ನನ್ನ ಕಡೆ ತಿರುಗಿ. ಆದರೆ ಅಂದು ಅವರು ನಗಲಿಲ್ಲ.

ಆ ವಾರವೆಲ್ಲ ಕಾಕಾ ಮಾಳಿಗೆಯ ಮೇಲೆ ಅತ್ತಿಂದಿತ್ತ ತಿರುಗಾಡಿದರು. ಒಂದು ಸಂಜೆ ನಾನು ಆಫೀಸಿನಿಂದ ಬರುವುದನ್ನೇ ಕಾಯುತ್ತ ಮೆಟ್ಟಿಲ ಮೇಲೆ ಕುಳಿತಿದ್ದರು. ಮುಖದಲ್ಲಿ ಹೊಳಪಿತ್ತು. ಮುಂದಿನ ವಾರ ಶುಕ್ರವಾರ ಹೊಸ ಅಂಗಡಿಯ ಪೂಜೆ ಇದೆ. ಪೂಜೆ ಮುಗಿಯುತ್ತಿದ್ದಂತೆ ತಾವೇ ಮೊದಲ ಗಿರಾಕಿಯಾಗಿ ಕೌಂಟರಿನ ಮುಂದೆ ನಿಲ್ಲುವುದು. ಕಾಕುವಿನ ಸೀರೆ ಕೊಟ್ಟು ಜಂಪರಿನ ಬಟ್ಟೆ ಕೇಳುವುದು. ಅದರ ಜೊತೆಗೇ ತಮ್ಮ ಸ್ಟೂಲನ್ನೂ ಕೇಳಿಬಿಡುವುದು.

“ಬೋಣಿ ಆಗೂ ತನಾ ಅಂಗಡ್ಯಾಗ ಇಲ್ಲ ಅನ್ನಾಂಗಿಲ್ಲ. ಇದು ಅವರಪ್ಪ ಮಾಡಿದ ಕಾಯ್ದೆ. ಮೊದಲನೇ ಗಿರಾಕಿ ಕೇಳಿದ್ದನ್ನ ಕೊಡಬೇಕು. ಹೆಂಗ?”

ಇಡೀ ಹೈದರಾಬಾದಿನಲ್ಲಿ ಒಬ್ಬನನ್ನು ಹೀಗೆ ಕಟ್ಟಿಹಾಕಬಹುದು ಎಂದು ಇವರಿಗೆ ಬಿಟ್ಟು ಇನ್ನಾರಿಗೆ ಹೊಳೆಯಬೇಕು? ನಿಜ ಹೇಳುತ್ತೇನೆ, ಒಂದು ಗಳಿಗೆ ನಾನೂ ನಂಬಿದೆ. ಎಷ್ಟರಮಟ್ಟಿಗೆ ಎಂದರೆ, ಹೊಟ್ಟೆನೋವು ಎಂದು ವನಜಾ ಮೇಡಂಗೆ ಮುಂಗಡವಾಗಿ ಸುಳ್ಳು ಹೇಳಿ ಶುಕ್ರವಾರದ ಅರ್ಧ ದಿನ ರಜೆ ಹಾಕಿದೆ. ಮುಂದಿನ ವಾರದ ಹೊಟ್ಟೆನೋವು ಈ ವಾರವೇ ಹೇಗೆ ಗೊತ್ತಾಯಿತು ಎಂದು ಅವರು ಕೇಳಲಿಲ್ಲ. ದೊಡ್ಡ ಮನಸ್ಸು.

ಹೊಸ ಅಂಗಡಿಗೆ ಗಾಜಿನ ಬಾಗಿಲು. ಒಳಗೆ ತಣ್ಣಗಿನ ಗಾಳಿ. ಕಪಾಟು ತುಂಬ ಥಾನುಗಳಿದ್ದ ಹಳೆ ಅಂಗಡಿಯೆಲ್ಲಿ, ಒಂದೊಂದೇ ಬಟ್ಟೆಯನ್ನು ಮದುಮಗಳಂತೆ ದೂರ ದೂರ ತೂಗುಹಾಕಿದ ಈ ಕೋಣೆಯೆಲ್ಲಿ! ಎತ್ತರದಲ್ಲಿ ಬೂದೆಪ್ಪನವರ ಫೋಟೊ, ಅದಕ್ಕೊಂದು ಗಂಧದ ಹಾರ. ಕಾಕಾ ಮೊದಲು ನೋಡಿದ್ದು ಅದನ್ನೇ. ಆಮೇಲೆ ಕೌಂಟರಿನ ಎಡ ತುದಿಯನ್ನು ನೋಡಿದರು. ಅಲ್ಲಿ ಒಂದು ಗಿಡದ ಕುಂಡ ಇತ್ತು.

ವಿಜಯಕುಮಾರ ಓಡಿಬಂದು ಕಾಲು ಮುಟ್ಟಿದ. “ಬರ್ರಿ ಕಾಕಾ. ಕಾಕು ಆರಾಮ ಅದಾರೇನ್ರಿ? ಪ್ರಸಾದ ತಗೊಳ್ರಿ.”

“ಪ್ರಸಾದ ಆಮ್ಯಾಲೆ. ನಾ ಇವತ್ತ ಗಿರಾಕಿ, ವಿಜ್ಜೂ. ಬೋಣಿ ಆತೇನು?”

“ಆಗಬೇಕ್ರಿ ಇನ್ನ.”

ಕಾಕಾ ಚೀಲದಿಂದ ಸೀರೆ ತೆಗೆದು ಕೌಂಟರಿನ ಮೇಲೆ ಹರಡಿದರು. ನವಿಲುಗರಿಯ ಹಸಿರು, ಮಡಿಕೆಗಳಲ್ಲಿ ನುಸಿಗುಳಿಗೆಯ ವಾಸನೆ. “ಇದಕ್ಕ ಕೂಡೂವಂಥದ್ದು ಒಂದು ಪೀಸ್ ಬೇಕು. ಮತ್ತ…” ಅವರು ಕತ್ತೆತ್ತಿ ಫೋಟೊ ನೋಡಿದರು. “ಮತ್ತ ನನಗೊಂದು ಸ್ಟೂಲ್ ಬೇಕು. ಎಲ್ಯಾದರೂ ಹಾಕು. ಆ ಕುಂಡದ ಹಿಂದ ಹಾಕಿದರೂ ನಡೀತೈತಿ. ಮೊದಲನೇ ಗಿರಾಕಿ ಕೇಳಾಕತ್ತೀನಿ ನೋಡಪಾ.”

ವಿಜಯಕುಮಾರ ನಕ್ಕ. ಕಾಕಾ ನಗುತ್ತಿಲ್ಲವೆಂದು ಅರಿವಾಗಿ ನಗು ನಿಲ್ಲಿಸಿದ. ಅವನ ಕಣ್ಣೂ ಫೋಟೊದ ಕಡೆ ಹೋಯಿತು. ಅವನಿಗೆ ಎಲ್ಲ ಅರ್ಥವಾಯಿತು. ಆ ಅಂಗಡಿಯಲ್ಲಿ ಬೆಳೆದ ಹುಡುಗ, ಅರ್ಥವಾಗದೆ ಹೇಗಿರುತ್ತದೆ?

“ಕಾಕಾ, ಅದು ಏನಂದ್ರ…” ಎಂದು ಕನ್ನಡದಲ್ಲಿ ಶುರು ಮಾಡಿದ. ‘ಇಲ್ಲ’ ಎನ್ನುವುದು ನಾಲಿಗೆಯ ತುದಿಯ ತನಕ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ಅವನು ಅದನ್ನು ನುಂಗಿದ. ಆಮೇಲೆ ತುಂಬ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದ. “ಐ ಡೋಂಟ್ ಥಿಂಕ್ ವಿ ಕುಡ್, ಕಾಕಾ. ಇಟ್ ಮೈಟ್ ನಾಟ್ ವರ್ಕ್.” ನಮ್ಮಿಂದಾಗುತ್ತದೆ ಎಂದು ನನಗನ್ನಿಸುವುದಿಲ್ಲ. ಅದು ಹೊಂದಿಕೆಯಾಗದೆ ಇರಬಹುದು.

ಅಪ್ಪನ ಕಾಯ್ದೆ ಮುರಿಯಲಿಲ್ಲ. ಕೇಳಿದ್ದನ್ನು ಕೊಡಲೂ ಇಲ್ಲ.

ಕಾಕಾ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಆರು ವರ್ಷದ ಅನುಭವ, ಕಿವಿಗೆ ಹೆಡ್‌ಫೋನ್ ಇಲ್ಲದೆ ಮೊದಲ ಸಲ ಉಪಯೋಗಕ್ಕೆ ಬರುವುದರಲ್ಲಿತ್ತು. ಅಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

“ಬ್ಯಾಡ. ಇಲ್ಲಿ ಹೇಳಬ್ಯಾಡ. ಬೋಣಿ ಆಗಿಲ್ಲ ಇನ್ನ.”

ಹೇಳಿದ ಮೇಲೆಯೇ ಅವರಿಗೆ ಹೊಳೆದದ್ದು, ಆ ಮಾತಿನಲ್ಲೇ ‘ಇಲ್ಲ’ ಇತ್ತು ಎಂದು. ಫೋಟೊದ ಕಡೆ ನೋಡಿ ಕೆನ್ನೆ ಕೆನ್ನೆ ತಟ್ಟಿಕೊಂಡರು.

ಅಂಗಡಿಯ ಟೀಶರ್ಟ್ ತೊಟ್ಟ ಹುಡುಗಿಯೊಬ್ಬಳು ಬಂದು ಸೀರೆಯ ಮೇಲೆ ಫೋನ್ ಹಿಡಿದು ಚಿತ್ರ ತೆಗೆದಳು. ಪರದೆ ಹೇಳಿದ ಬಟ್ಟೆಯನ್ನು ತಂದು ಹರಡಿದಳು. ಅದು ಹಸಿರು ಹೌದು, ಆದರೆ ನೀಲಿಗೆ ಹತ್ತಿರದ ಹಸಿರು. ನನ್ನಂಥವನಿಗೇ ಗೊತ್ತಾಯಿತು. ಕಾಕಾ ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಉಜ್ಜಿ, ಬಾಗಿಲ ಬೆಳಕಿನತ್ತ ಎತ್ತಿ ಹಿಡಿದರು. ಆ ಹೊತ್ತಿನಷ್ಟು ಕಾಲ ಅವರು ಮತ್ತೆ ಹಳೆಯ ಸಿದ್ದರಾಮಪ್ಪನಾಗಿದ್ದರು.

“ಓಕೆನಾ ಅಂಕಲ್?”

ಅಲ್ಲ ಎಂದರೆ ಮೊದಲ ಗಿರಾಕಿ ಬರಿಗೈಲಿ ಹೋದಂತೆ.

“ಚಂದ ಐತಿ ಬೇಟಾ. ಕತ್ತರಸು.”

ಹಣ ಕೊಡುವಾಗ ಹುಡುಗಿ ಫೋನಿನಲ್ಲಿ ಕಟ್ಟಬೇಕೆಂದು ಕ್ಯೂಆರ್ ಕೋಡಿನ ಫಲಕ ತೋರಿಸಿದಳು. ಕಾಕಾ ನೋಟನ್ನೇ ಚಾಚಿದರು. ಹೊಸ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯೇ ಇರಲಿಲ್ಲ. ವಿಜಯಕುಮಾರ ತಾನೇ ಬಂದು ನೋಟು ತೆಗೆದುಕೊಂಡ. ಎರಡೂ ಕಣ್ಣಿಗೆ ಒತ್ತಿಕೊಂಡ. ಇಡಲು ಜಾಗ ಕಾಣದೆ ಅಂಗಿಯ ಜೇಬಿಗೆ ಹಾಕಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ಅದರಿಂದ ಯಾರಿಗೂ ಯಾವ ಉಪಯೋಗವೂ ಆಗಲಿಲ್ಲ.

ಬಸ್ ಸ್ಟಾಪಿನಲ್ಲಿ ಕಾಕಾ ಪ್ರಸಾದದ ಪೊಟ್ಟಣವನ್ನು ಬಿಚ್ಚದೆ ಹಿಡಿದು ನಿಂತಿದ್ದರು.

“ಈಗ ಹೇಳು. ಏನಂದ?”

“ಆಗಂಗಿಲ್ಲ ಅಂದ್ರಿ, ಕಾಕಾ.”

“ಹಂಗ ಅಂದ್ನಾ?”

“ಹಂಗ ಅನಲಿಲ್ಲ. ಅರ್ಥ ಅದ.”

ಬಸ್ಸೊಂದು ಬಂದು ಹೋಯಿತು. ನಮ್ಮದಲ್ಲ.

“ನೋಟ ಕಣ್ಣಿಗೆ ಹಚಗೊಂಡ, ನೋಡಿದೇನು?” ಎಂದರು ಕಾಕಾ. “ಮರತಿಲ್ಲ ಹುಡುಗ.” ಪೊಟ್ಟಣವನ್ನು ಚೀಲಕ್ಕೆ ಸೇರಿಸುತ್ತ, “ಬೋಣಿ ಹೊತ್ತಿಗೆ ಮಾತಾಡಾಕ ಆ ಭಾಷಾ ಭಾಳ ಚಲೋ ಐತಿ, ತಮ್ಮಾ. ನಮ್ಮ ಸಾಹುಕಾರಗ ಗೊತ್ತಿರಲಿಲ್ಲ,” ಎಂದರು.

ಮನೆಯಲ್ಲಿ ಶಿವದೇವಿ ಕಾಕು ಏನನ್ನೂ ಕೇಳದೆ ಚೀಲ ತೆಗೆದುಕೊಂಡರು. ಸೀರೆಯನ್ನು ಮಂಚದ ಮೇಲೆ ಹಾಸಿ, ಬಟ್ಟೆಯನ್ನು ಅದರ ಮಗ್ಗುಲಲ್ಲಿಟ್ಟರು. ಕಿಟಕಿ ತೆರೆದರು. ಇನ್ನೊಮ್ಮೆ ನೋಡಿದರು.

“ಇದು ಕೂಡ್ತೈತೇನ್ರಿ?”

ಕಾಕಾ ಬಟ್ಟೆಯ ಅಂಚನ್ನು ಇನ್ನೊಮ್ಮೆ ಬೆರಳುಗಳ ನಡುವೆ ಉಜ್ಜಿದರು.

“ಕೂಡದೆ ಇರಬಹುದು,” ಎಂದರು.

ಕಾಕು ಅವರ ಮುಖ ನೋಡಿದರು, ಆಮೇಲೆ ನನ್ನದು. ಬಟ್ಟೆಯನ್ನು ಸೀರೆಯ ಮಡಿಕೆಯೊಳಗಿಟ್ಟು ಪೆಟ್ಟಿಗೆಗೆ ಹಾಕಿದರು. ಒಳಗೆ ಹೋಗಿ, ಅಂದು ಕಟ್ಟಿಯೇ ಇರದ ಊಟದ ಡಬ್ಬಿಯನ್ನು ತೊಳೆದು, ಒರೆಸಿ, ಬೋರಲು ಮಾಡಿ ಮೇಲಿನ ಅಟ್ಟಕ್ಕೆ ಸೇರಿಸಿದರು.

ಇದೆಲ್ಲ ಆಗಿ ತಿಂಗಳ ಮೇಲಾಯಿತು. ನಾನು ಮಧ್ಯಾಹ್ನ ಒಬ್ಬನೇ ಡಬ್ಬಿ ಬಿಚ್ಚುತ್ತೇನೆ. ಜಹೀರಾಬಾದಿಗೆ ಅವರಿನ್ನೂ ಹೋಗಿಲ್ಲ, “ಹೋಗೂಣಂತ.” ಕಾಕಾ ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳುತ್ತಾರೆ, ಹೊರಗಿನ ಕಟ್ಟೆಯ ಮೇಲೆ ಕೂರುತ್ತಾರೆ. ರೈಲಿನ ಸದ್ದಾದಾಗ ಕತ್ತೆತ್ತುತ್ತಾರೆ.

ನಿನ್ನೆ ಸಂಜೆ ನಾನು ಮೆಟ್ಟಿಲು ಹತ್ತುವಾಗ ಅವರ ಫೋನ್ ರಿಂಗಣಿಸಿತು. ಹಿಮಾಯತ್‌ನಗರದ ಹಳೆಯ ಗಿರಾಕಿ ಹೆಂಗಸು. ದೊಡ್ಡ ಗಂಟಲು, ನನಗೂ ಕೇಳಿಸುತ್ತಿತ್ತು. ಮಗಳ ಮದುವೆಯಂತೆ, ಅಂಗಡಿಯ ಹತ್ತಿರ ಹೋದರೆ ಬಾಗಿಲು ಹಾಕಿದೆಯಂತೆ. ಪಿಸ್ತಾ ಬಣ್ಣದ ಸೀರೆಗೆ ಮ್ಯಾಚಿಂಗ್ ನಿಮ್ಮಲ್ಲಿ ಉಂದಾ, ಇದೆಯಾ, ಎಂದು ಕೇಳಿದಳು.

ಕಾಕಾ ಕಟ್ಟೆಯ ಮೇಲೆ ನೆಟ್ಟಗಾದರು. ಬಾಗಿಲಲ್ಲಿ ಶಿವದೇವಿ ಕಾಕು ದೀಪದ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ನಾನೂ ನಿಂತೆ.

“ವಸ್ತದಮ್ಮಾ,” ಎಂದರು ಕಾಕಾ. “ರೇಪು ವಸ್ತದಿ.”